ಹೊದೆಯೋದಿದೆ, ಹಾಸೋದಿಲ್ಲ

ಮಕ್ಕಳೇ, ಧನುರ್ಮಾಸ ಬಂತೆಂದರೆ ನಮ್ಮ ಕೋಲಾರ ಸೀಮೆಯ ಚಳಿ ಮನೆಮನೆ ಹುಡುಕಿಕೊಂಡು ಬರುತ್ತದೆ. ಕಾಶ್ಮೀರದ ಮುಂದೆ ಇದೇನು ದೊಡ್ಡ ಚಳಿ ಎನ್ನಬೇಡಿ. ಇದು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಬಯಲು. ಗಾಳಿಯನ್ನು ತಡೆಯಲು ದಟ್ಟ ಕಾಡಿಲ್ಲ. ಕೆಜಿಎಫ್‌ನ ಸೈನೈಡ್ ಗುಡ್ಡಗಳ ಮೇಲಿಂದ ಅದು ಬೀಸತೊಡಗಿದರೆ ಸ್ವೆಟರಿನೊಳಗೂ ನಡುಕ ಹುಟ್ಟುತ್ತದೆ. ಪಕ್ಕದ ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಪಾದರಸ 7.8 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ.

ತಮಾಷೆ ಎಂದರೆ, ಇದೇ ಊರಿನ ನೆಲದ ಕೆಳಗೆ ಕುಲುಮೆಯಂಥ ಸೆಕೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು; ತಂಪು ಮಾಡಿದ ಗಾಳಿಯನ್ನು ಯಂತ್ರದಿಂದ ಕೆಳಗೆ ಇಳಿಸಬೇಕಾಗಿತ್ತು. ರಾತ್ರಿ ಪಾಳಿ ಮುಗಿಸಿ ಬೆವರು ಸುರಿಸುತ್ತಾ ಮೇಲೆ ಬಂದವರಿಗೆ ಮಾಗಿಯ ಗಾಳಿ ಎದುರಾದರೆ ಹೇಗಿದ್ದೀತು, ಊಹಿಸಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಆ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಈಗ ಊರಿನ ಎಷ್ಟೋ ಮಂದಿ ಕತ್ತಲಿರುವಾಗಲೇ ಎದ್ದು, ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗುವ ರೈಲು ಹಿಡಿಯುತ್ತಾರೆ.

ಬಂಗಾರಪೇಟೆ ಎಂದರೆ ನಿಮಗೆ ನೀರಿನಂತೆ ತಿಳಿಯಾದ ಪಾನಿಯ ಪಾನಿಪೂರಿ ನೆನಪಾಗಬಹುದು. ನನಗೆ ಅಲ್ಲಿಯ ಜಂಕ್ಷನ್ನಿನ ಮುಂಜಾವು ನೆನಪಾಗುತ್ತದೆ. ರೈಲ್ವೆ ಸ್ಟೇಷನ್ನಿನ ಒಳಗೆ ಹೊರಗೆ ಸಾಲಾಗಿ ಮಲಗಿದ ಜನ. ಯಾರು ರೈಲಿಗೆ ಕಾಯುತ್ತಿದ್ದಾರೆ, ಯಾರಿಗೆ ಹೋಗಲು ಊರೇ ಇಲ್ಲ ಎಂದು ಹೊದಿಕೆಯ ಮೇಲಿಂದ ಹೇಳಲಾಗದು.

ಕೆಲವು ವರ್ಷಗಳ ಹಿಂದೆ ಕ್ರಿಸ್‌ಮಸ್ಸಿಗೆ ಮೊದಲು ಒಂದು ಚರ್ಚಿನ ಯುವಕ ಯುವತಿಯರು ಅಲ್ಲಿ ಕಂಬಳಿ ಹಂಚುತ್ತಿದ್ದರು. ಮುದುಕಿಯೊಬ್ಬಳು ತನಗೆ ಕೊಟ್ಟದ್ದನ್ನು ಹಿಂದಕ್ಕೆ ಚಾಚಿ, "ಹೊದೆಯೋದಿದೆ ಕಣಪ್ಪ, ಹಾಸೋದಿಲ್ಲ. ಒಂದು ರಟ್ಟಿನ ಡಬ್ಬ ಸಿಗುತ್ತಾ?" ಎಂದಳು. ಹುಡುಗ ಪೆಚ್ಚಾದ. ಆಮೇಲೆ ಹತ್ತಿರದ ಅಂಗಡಿಯ ಮುಂದಿದ್ದ ಎರಡು ಖಾಲಿ ಡಬ್ಬಗಳನ್ನು ಬಿಚ್ಚಿ ತಂದುಕೊಟ್ಟ. ಆಕೆ ಅದರ ಮೇಲೆ ಗೋಣಿಚೀಲ ಹಾಸಿ, ಕೊನೆಗೆ ಕಂಬಳಿಯನ್ನೂ ಇಸಿದುಕೊಂಡಳು.

ಆಕೆ ಹೇಳಿದ್ದು ಶುದ್ಧ ವಿಜ್ಞಾನ. ನಮ್ಮ ಮೈಯ ಬಿಸಿ 37 ಡಿಗ್ರಿ. ಸಿಮೆಂಟು, ಕಲ್ಲಿನ ನೆಲ ಆ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಸೋರಿಹೋಗುತ್ತದೆ. ರಟ್ಟಿನ ಮಡಿಕೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಆ ಸೋರಿಕೆಯನ್ನು ತಡೆಯುತ್ತದೆ. ಹೊಟ್ಟೆ ಖಾಲಿ, ಬಟ್ಟೆ ಒದ್ದೆ, ವಯಸ್ಸು ಬೇರೆ ಆಗಿದ್ದರೆ, ನಮ್ಮೂರಿನ 12-15 ಡಿಗ್ರಿಯ ಚಳಿಯೂ ಪ್ರಾಣಕ್ಕೆ ಕುತ್ತು. ಹಿಮ ಬೀಳಲೇಬೇಕೆಂದಿಲ್ಲ.

ಹಾಗಾದರೆ ಕಂಬಳಿಗಿಂತ ಸೂರೇ ಮೇಲಲ್ಲವೇ? ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 1876ರಿಂದ 1878ರವರೆಗಿನ ಧಾತು-ಈಶ್ವರ ಬರದ ಹೆಸರನ್ನು ಹಿರಿಯರು ಕೇಳಿರುತ್ತೀರಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಕುಸಿಯಿತು. ಅನಾಥ ಮಕ್ಕಳು ಬೀದಿಗೆ ಬಿದ್ದರು. ಆಗ ಕೋಲಾರದಲ್ಲಿದ್ದ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಿಷನರಿ ಹೆಂಗಸು ಅಂಥ ಮಕ್ಕಳನ್ನು ಒಳಗೆ ಸೇರಿಸಿಕೊಂಡು ಅನಾಥಾಲಯ ನಡೆಸಿದರು. 1890ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಅದೇ ಮಿಷನ್ 1910ರಲ್ಲಿ ಕಟ್ಟಿದ ಇಟಿಸಿಎಂ ಆಸ್ಪತ್ರೆ ಕೋಲಾರದವರಿಗೆಲ್ಲ ಗೊತ್ತು. ಅನ್ನದ ಜೊತೆ ಮತವನ್ನೂ ಬಡಿಸಿದರು ಎಂಬ ಆಕ್ಷೇಪ ಮಿಷನರಿಗಳ ಮೇಲೆ ಇದ್ದೇ ಇದೆ. ಆ ವಾದ ದೊಡ್ಡವರು ಮಾಡಲಿ. ಬಾಗಿಲಿಗೆ ಬಂದ ಮಗುವಿಗೆ ಆ ಹೊತ್ತು ಬೇಕಾಗಿದ್ದದ್ದು ಗಂಜಿ ಮತ್ತು ಬೆಚ್ಚಗಿನ ಮೂಲೆ.

ಇನ್ನೊಂದು ಕತೆ ದೂರದ್ದು. ಅಮೆರಿಕದ ನ್ಯಾಶ್‌ವಿಲ್ ಎಂಬ ಊರು. 1985ರ ಚಳಿಗಾಲದಲ್ಲಿ ಚಾರ್ಲ್ಸ್ ಸ್ಟ್ರೋಬೆಲ್ ಎಂಬ ಪಾದ್ರಿ ತನ್ನ ಚರ್ಚಿನ ಕಿಟಕಿಯಿಂದ ನೋಡಿದರೆ, ಹೊರಗೆ ಕಾರುಗಳಲ್ಲಿ ಜನ ಮುದುರಿ ಮಲಗಿದ್ದಾರೆ. ಅವರನ್ನು ಒಳಗೆ ಕರೆದರು. ಕರೆಯುವುದು ಸುಲಭ, ಒಂದೇ ಚರ್ಚು ಪ್ರತಿ ರಾತ್ರಿ ಅದನ್ನು ನಡೆಸುವುದು ಕಷ್ಟ. ಸ್ವಯಂಸೇವಕರಿಗೂ ನಿದ್ದೆ ಬೇಕಲ್ಲ. ಮರುವರ್ಷ ಕೆಲವು ಚರ್ಚುಗಳು ಸೇರಿ ಪಾಳಿ ಹಂಚಿಕೊಂಡವು: ಸೋಮವಾರ ನಿಮ್ಮದು, ಮಂಗಳವಾರ ನಮ್ಮದು. ಸಂಜೆ ವಾಹನದಲ್ಲಿ ಹತ್ತು ಹನ್ನೆರಡು ಅತಿಥಿಗಳು ಬರುತ್ತಾರೆ. ಊಟ, ಹಾಸಿಗೆ, ಬೆಳಗಿನ ತಿಂಡಿ, ಮತ್ತೆ ವಾಹನ. ನವೆಂಬರಿನಿಂದ ಮಾರ್ಚ್‌ವರೆಗೆ ಹೀಗೆಯೇ. ಈಗ ನೂರಕ್ಕೂ ಹೆಚ್ಚು ಸಭೆಗಳು ಇದರಲ್ಲಿವೆ. 'ರೂಮ್ ಇನ್ ದಿ ಇನ್' ಎಂದು ಹೆಸರು, ಅಂದರೆ ಛತ್ರದಲ್ಲಿ ಜಾಗವಿದೆ ಎಂದು. ಮರಿಯಾ ಮತ್ತು ಜೋಸೆಫರಿಗೆ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ಗೋದಲಿಯಲ್ಲಿ ಮಲಗಿಸಿದ್ದನ್ನು ಕ್ರಿಸ್‌ಮಸ್ ಗೋದಲಿಯಲ್ಲಿ ನೋಡಿದ್ದೀರಲ್ಲ, ಅದಕ್ಕೆ ಇದು ಉತ್ತರ.

ನನಗೆ ಇದರಲ್ಲಿ ಹಿಡಿಸಿದ್ದು ದಯೆಗಿಂತ ಆ ಲೆಕ್ಕಾಚಾರ. ಒಂದು ರಾತ್ರಿಯ ಭಾರವನ್ನು ಯಾರೂ ಹೊರಬಲ್ಲರು.

ಹಾಗೆಂದು ಎಲ್ಲವನ್ನೂ ಚರ್ಚಿನ ಹೆಗಲಿಗೆ ಹೊರಿಸುವುದು ಸರಿಯಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಮನೆಯಿಲ್ಲದವರ ರಾತ್ರಿ ತಂಗುದಾಣಗಳ ವಿಚಾರದಲ್ಲಿ ಸರ್ಕಾರಗಳಿಗೆ ಕಟ್ಟುನಿಟ್ಟಾಗಿ ಹೇಳಿತು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ, ಅದೂ ವರ್ಷವಿಡೀ, ಇರಬೇಕು. 2011ರ ಗಣತಿಯಂತೆ ಕೆಜಿಎಫ್‌ನ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಅದೇ ಗಣತಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಮನೆಯಿಲ್ಲದವರನ್ನು ಎಣಿಸಿದೆ. ನಿಮ್ಮ ಊರಿನ ತಂಗುದಾಣ ಎಲ್ಲಿದೆ, ಮಕ್ಕಳೇ? ನಗರಸಭೆಯಲ್ಲಿ ಕೇಳಬಹುದು, ಕೇಳುವುದು ತಪ್ಪಲ್ಲ. ವಿಳಾಸ ಗೊತ್ತಿದ್ದರೆ ತಾನೇ ಯಾರಿಗಾದರೂ ಹೇಳುವುದು.

ಊರ್ಗಾಂ, ಚಾಂಪಿಯನ್ ರೀಫ್, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಎಲ್ಲ ಕಡೆ ಚರ್ಚುಗಳಿವೆ. ದೇವಸ್ಥಾನ, ಮಸೀದಿಗಳೂ ಬೇಕಾದಷ್ಟಿವೆ. ದಾರಿಹೋಕರಿಗೆ ಛತ್ರ ಕಟ್ಟಿಸುವುದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ವಾರದಲ್ಲಿ ಏಳು ರಾತ್ರಿ, ಏಳು ಬಾಗಿಲು ಸಾಕು.

ಬೇಕಾಗುವ ಸಾಮಾನೂ ಹೆಚ್ಚಲ್ಲ. ಚಾಪೆ, ಅದರ ಕೆಳಗೆ ರಟ್ಟು, ಬಿಸಿನೀರು, ಬೀಗವಿರುವ ಒಂದು ಪೆಟ್ಟಿಗೆ. ಪೆಟ್ಟಿಗೆ ಮುಖ್ಯ: ಗಂಟು ಎಲ್ಲಿಡುವುದು ಎಂಬ ಭಯಕ್ಕೇ ಎಷ್ಟೋ ಜನ ಒಳಗೆ ಬರುವುದಿಲ್ಲ. ಹೆಂಗಸರಿಗೆ ಬೇರೆ ಕೋಣೆ. ಬಂದವರನ್ನು ಹೆಸರು ಕೇಳಿ ಕರೆಯಲು ಒಬ್ಬರು. ರಟ್ಟು ಕೂಡಿಸುವ ಕೆಲಸ ಮಕ್ಕಳು ಮಾಡಬಹುದು.

ಇನ್ನು ರಾತ್ರಿಯಿಡೀ ಎಚ್ಚರವಿದ್ದು ನೋಡಿಕೊಳ್ಳುವವರು ಬೇಕು. ಅದೇ ಎಲ್ಲಕ್ಕಿಂತ ಕಷ್ಟದ ಪಾಳಿ. ಆದರೆ ಮೂರು ಗಂಟೆಗೇ ಎದ್ದು ಕೂತು, ಬೆಳಕು ಯಾವಾಗ ಹರಿದೀತೆಂದು ಗಡಿಯಾರ ನೋಡುವ ಅಜ್ಜಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ಶಾಲು, ಮಂಕಿ ಟೋಪಿ, ಒಂದು ಫ್ಲಾಸ್ಕ್ ಚಹಾ ತೆಗೆದುಕೊಂಡು ಬಂದರಾಯಿತು. ಲೋಟ ಮಾತ್ರ ನಾಲ್ಕು ಹೆಚ್ಚಿಗೆ ಇರಲಿ.