ಕಿಸೆ ಇಲ್ಲದ ನೈಟಿ, ಹೆಜ್ಜೆ ಎಣಿಸೂ ಫೋನು

ಅಕ್ಕಂದಿರೇ, ತಂಗ್ಯಂದಿರೇ, ಈ ಸಲ ಅಡುಗೆ ಸುದ್ದಿ ಅಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಸುದ್ದಿ. ನಮ್ಮ ಅಂಕೋಲೆ-ಕಾರವಾರ ಬದಿಯವರು ಮಣಿಪಾಲಕ್ಕೆ ಹೋಗಿ ಬರಲಿ, ಹುಬ್ಬಳ್ಳಿಗೆ ಹೋಗಿ ಬರಲಿ, ಮನೆಯವರು ಹೇಳೂದು ಒಂದೇ: “ನೀ ಸುಮ್ನೆ ಕೂತ್ಕೊ, ಆ ಕೈ ಎತ್ತಬೇಡ.” ಪ್ರೀತಿಯಿಂದಲೇ ಹೇಳ್ತಾರೆ. ಆದ್ರೆ ಕೂತೂ ಕೂತೂ ಭುಜ ಹಿಡ್ಕಂಡು, ಕಡೆಗೆ ಕುಪ್ಪಸ ಹಾಕೂದಕ್ಕೂ ಮಗಳನ್ನ ಕರೀಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದಕ್ಕೆ ಉಲ್ಟಾ. ಕ್ಯಾನ್ಸರ್ ದಾಟಿದವರೂ ಕೈಲಾದಷ್ಟರಿಂದ ಶುರು ಮಾಡಿ ವಾರಕ್ಕೆ 150 ನಿಮಿಷದ ತನಕ ಬರಬೇಕು ಅಂತ.

ಇದನ್ನ ಓದಿದ ಮಕ್ಕಳು ಬೆಂಗಳೂರಿಂದ ಬಂದವ್ರೇ ಫೋನಿಗೆ ಹೆಜ್ಜೆ ಎಣಿಸೂ ಆ್ಯಪ್ ಹಾಕ್ಕೊಡ್ತಾರೆ. ದಿನಕ್ಕೆ 10,000 ಹೆಜ್ಜೆ! ನನ್ನ ತಕರಾರು ಇರೂದು ಇಲ್ಲಿ. ಆ ಲೆಕ್ಕ ಡಾಕ್ಟರು ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ತನ್ನ ಹೆಜ್ಜೆಯಂತ್ರ ಮಾರೂದಕ್ಕೆ ಇಟ್ಟ ಹೆಸರು ಅದು. ಕೀಮೋ ಮುಗಿಸಿದವಳು ರಾತ್ರಿ 1,200 ನೋಡಿ “ನನ್ನ ಕೈಲಿ ಆಗೂದಿಲ್ಲ” ಅಂತ ಫೋನು ಕವುಚಿ ಇಡ್ತಾಳೆ. ಆ 1,200 ಕೂಡ ಸುಳ್ಳೇ. ನೈಟಿಗೆ ಕಿಸೆ ಎಲ್ಲಿದೆ? ಫೋನು ಅಡುಗೆಮನೆ ಕಟ್ಟೆ ಮೇಲೆ, ಅವಳು ಬಾವಿಕಟ್ಟೆಗೆ, ಹಿತ್ತಲಿಗೆ, ಮೀನಿನವಳು ಕೂಗಿದ್ರೆ ದಣಪೆ ತನಕ.

ಮತ್ತೆ ಆ ಯಂತ್ರ ಕೈಯನ್ನಂತೂ ಎಣಿಸೂದೇ ಇಲ್ಲ. ಇವರಿಗೆ ಮುಖ್ಯ ಅದೇ ಅಲ್ವಾ? ನನ್ನ ನಾದಿನಿಗೆ ಫಿಸಿಯೋಥೆರಪಿಯವರು ಗೋಡೆಗೆ ಎದುರಾಗಿ ನಿಂತು ಬೆರಳನ್ನ ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸೂದು ಕಲಿಸಿದ್ರು. ಎಲ್ಲಿ ತನಕ ಹೋಯ್ತೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು, ಫೋಟೋ ಹೊಡೆದು ನಮ್ಮ ಮೂರು ಜನರ ವಾಟ್ಸಾಪಿಗೆ ಹಾಕ್ತಿದ್ಲು. ಶುರುವಿಗೆ ಗೆರೆ ಸ್ವಿಚ್ ಬೋರ್ಡಿನ ಕೆಳಗೆ. ಚೌತಿ ಹೊತ್ತಿಗೆ ಕ್ಯಾಲೆಂಡರಿನ ಮೊಳೆ ಹತ್ರ! (ಗೋಡೆ ಹಾಳಾಯ್ತು ಅಂತ ಅತ್ತೆ ಗೊಣಗಿದ್ದೂ ಉಂಟು.) ಗೆರೆ ಬಾರದ ದಿನ ನಾನು ಫೋನು ಮಾಡಿ “ಎಂತ ಆಯ್ತೇ?” ಅಂತ ಕೇಳ್ತಿದ್ದೆ. ಕೇಳೂ ಜನ ಇಲ್ಲದ ಆ್ಯಪು ಎಷ್ಟು ಗಂಟೆ ಬಾರಿಸಿದ್ರೂ ವ್ಯರ್ಥ ಅಂತ ನಾನು ಹೇಳ್ತೆ.

ಫೋನು ಬೇಡ ಅಂತಲ್ಲ ಮತ್ತೆ. ನಮ್ಮ ಮಳೆಗಾಲದಲ್ಲಿ ಟ್ಯಾಗೋರ್ ಕಡಲತೀರಕ್ಕೆ ವಾಕಿಂಗ್ ಹೋಗೂದು ಯಾರು? ಒಳಗೇ ವಿಡಿಯೋ ನೋಡಿ ಮಾಡಬಹುದು. ಅಂಕೋಲೆಯಿಂದ ಬಸ್ಸು ಹತ್ತಿ ದಿನ ಕಳೆಯೂ ಬದಲು ವಿಡಿಯೋ ಕಾಲಿನಲ್ಲೇ ಕೈ ಎತ್ತಿ ತೋರಿಸಬಹುದು. ಆದ್ರೆ ಯೂಟ್ಯೂಬಿನಲ್ಲಿ ಸಿಕ್ಕಿದ್ದೆಲ್ಲ ಮಾಡೂದಲ್ಲ, ಯಾವುದು ಸರಿ ಅಂತ ಮೊದಲು ಡಾಕ್ಟರಿಗೆ ಕೇಳಿ.

ಭಾರದ ಕೆಲಸ ಅಂದ್ರೆ ಈಗಲೂ ಹೆದರ್ತಾರೆ. ಕೆನಡಾದ ವ್ಯಾಂಕೂವರಿನಲ್ಲಿ 1996ರಲ್ಲಿ ಡಾನ್ ಮೆಕೆಂಜಿ ಎಂಬ ಡಾಕ್ಟರು ಈ ಕಾಯಿಲೆ ದಾಟಿದ 24 ಹೆಂಗಸರಿಗೆ ನಿಧಾನಕ್ಕೆ ತಾಲೀಮು ಕೊಟ್ಟು ಉದ್ದ ದೋಣಿಯಲ್ಲಿ ಹುಟ್ಟು ಹಾಕಿಸಿದ್ರು. ಒಬ್ಬರಿಗೂ ಹೊಸದಾಗಿ ಕೈಬಾವು ಬರಲಿಲ್ಲ. ದೋಣಿ ನೋಡ್ತಾ ಬೆಳೆದ ನಾವು ಒಂದು ತಂಬಿಗೆ ನೀರು ಎತ್ತೂದಕ್ಕೂ ಅವಳನ್ನ ಬಿಡೂದಿಲ್ಲ!

ಆ್ಯಪ್ ಹಾಕ್ಕೊಟ್ಟ ಮಕ್ಕಳು, ಗಂಡಸರು ಬೆಳಗಿನ ಚಾ ತಾವೇ ಮಾಡ್ಕಂಡ್ರೆ ಅವಳಿಗೆ ಅರ್ಧ ಗಂಟೆ ಸಿಗ್ತದೆ. ಮತ್ತೊಂದು: ಕಂಕುಳಿನ ಗಂಟು ತೆಗೆದ ಬದಿಯ ಕೈಯಲ್ಲಿ ಬಳೆ ಬಿಗಿಯಾದ್ರೆ, ಕೈ ಭಾರ ಅನಿಸಿದ್ರೆ, ಗುಂಪಿನಲ್ಲಿ ಮದ್ದು ಕೇಳ್ತಾ ಕೂರಬೇಡಿ, ಅದೇ ವಾರ ಡಾಕ್ಟರಿಗೆ ತೋರಿಸಿ.