ಕಾಮಲತೆಯನ್ನು ಬದುಕಿಸಿದ ಹುಡುಗಿ

ಹೊಸಬಾಳೆಯ ನಮ್ಮ ಮನೆಯಲ್ಲಿ ತಂಗಿಯ ಮಗಳು ಮೊಬೈಲಿನಲ್ಲಿ ‘ಫ್ಯಾನ್ ಫಿಕ್ಷನ್’ ಬರೆಯುತ್ತಾಳೆ. ಪಾತ್ರ ಯಾರದೋ, ಕಥೆ ಇವಳದು. ‘ಅದೂ ಒಂದು ಬರವಣಿಗೆಯೇ?’ ಎಂದು ಮೂಗು ಮುರಿಯುವವರಿಗೆ ನಾನು ನಮ್ಮ ಪಕ್ಕದ ಬಳ್ಳಿಗಾವಿಯ ಅಲ್ಲಮನನ್ನೇ ತೋರಿಸುತ್ತೇನೆ. ಹರಿಹರನ ರಗಳೆಯಲ್ಲಿ ಅಲ್ಲಮ ಕಾಮಲತೆಗೆ ಮನಸೋಲುತ್ತಾನೆ. ಅವಳು ಜ್ವರ ಬಂದು ಸಾಯುತ್ತಾಳೆ, ಇವನು ಹುಚ್ಚನಂತೆ ಅಲೆಯುತ್ತಾನೆ. 15ನೇ ಶತಮಾನದ ಚಾಮರಸನಿಗೆ ಇದು ಒಗ್ಗಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಕಾಮಲತೆಯ ಬದಲು ಬನವಾಸಿಯ ಮಾಯೆ ಬರುತ್ತಾಳೆ, ಅವಳ ಕೈಗೆ ಅಲ್ಲಮ ಸಿಕ್ಕುವುದೇ ಇಲ್ಲ. ‘ಶೂನ್ಯಸಂಪಾದನೆ’ಯಂತೂ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ವರ ಕೈಯಲ್ಲಿ ಬೆಳೆದದ್ದು. ವಚನ ಶರಣರದು, ಸಂವಾದ ಕಟ್ಟಿದ್ದು ಇವರು.

ನಮ್ಮ ಹುಡುಗಿ ಕಾಮಲತೆಯನ್ನು ಬದುಕಿಸಿಬಿಟ್ಟಿದ್ದಾಳೆ! ಪ್ರಕಟಿಸುವ ಮೊದಲು ಓದಿ ತಪ್ಪು ಹೇಳುವವರಿಗೆ ‘ಬೀಟಾ ರೀಡರ್’ ಅನ್ನುತ್ತಾರಂತೆ. ಆ ಕೆಲಸ ನನ್ನದು, ಜತೆಗೆ ಇವಳು ಮುಖವನ್ನೇ ನೋಡದ ಧಾರವಾಡದ ಒಬ್ಬಾಕೆಯದು. ನಾನು ಕಾಗುಣಿತ ತಿದ್ದಿದೆ. ಆಕೆ ಕೇಳಿದ್ದೇ ಬೇರೆ: ‘ಜ್ವರ ಬಿಟ್ಟಾಕಿ ಮೊದಲು ಗಂಜಿ ಕೇಳ್ತಾಳ, ಈಕಿ ಮೂರು ಪುಟ ತತ್ವ ಹೇಳ್ತಾಳಲ್ಲ?’ ಎರಡು ಪುಟ ಹಾರಿದವು. ಇಂಥ ಓದುಗರು ಸಿಗದೆಯೇ ಅಚ್ಚಾದ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಇಂಥ ಕಥೆ ಬರೆಯುವವರು ಮೂಲ ಲೇಖಕರ ಹೆಸರು ಹಾಕಲಿ, ಅವರ ಪಾತ್ರದಿಂದ ದುಡ್ಡು ಮಾಡದಿರಲಿ. ಕನ್ನಡ ಮೇಷ್ಟ್ರುಗಳೇ, ಬೈಯುವ ಮೊದಲು ಈ ಮಕ್ಕಳದೊಂದು ಕಥೆ ಓದಿ ನೋಡಿ.