ಸ್ಟೆಪ್ನಿ: ಹೀರೋ ಕಾರಿನ ಚಕ್ರ ನಿಮ್ಮ ಕಾರಿಗೆ ಕೂರುತ್ತಾ?

‘ಬುಲಿಟ್’ ನೋಡಿದ್ದೀರಲ್ಲ? 1968ರ ಚಿತ್ರ. ಸ್ಟೀವ್ ಮೆಕ್ವೀನ್ ನಾಯಕ. ಸ್ಯಾನ್ ಫ್ರಾನ್ಸಿಸ್ಕೋದ ಏರು-ತಗ್ಗಿನ ಬೀದಿಗಳಲ್ಲಿ ಹೀರೋನ ಹಸಿರು ಮಸ್ಟಾಂಗ್, ಖಳರ ಕರೀ ಡಾಡ್ಜ್ ಚಾರ್ಜರ್... ಹತ್ತು ನಿಮಿಷ ಮೀರಿದ ಆ ಬೆನ್ನಟ್ಟುವ ದೃಶ್ಯ! ಸಂಕಲನಕಾರ ಫ್ರಾಂಕ್ ಕೆಲ್ಲರ್ ಆಸ್ಕರ್ ಹೊಡೆದದ್ದೂ ಇದೇ ಚಿತ್ರಕ್ಕೆ. ಕಣ್ಣಿಟ್ಟು ನೋಡಿದವರಿಗೆ ಒಂದು ಗುಟ್ಟು ಗೊತ್ತು. ಚಾರ್ಜರ್‌ನ ಚಕ್ರದ ಮುಚ್ಚಳಗಳು ಠಣ್ ಠಣ್ ಅಂತ ಹಾರಿಹೋಗುತ್ತಲೇ ಇರುತ್ತವೆ. ಎಣಿಸಿ ನೋಡಿ... ನಾಲ್ಕು ಚಕ್ರದ ಕಾರಿನಿಂದ ನಾಲ್ಕಕ್ಕಿಂತ ಹೆಚ್ಚು ಮುಚ್ಚಳ!

ಮುಚ್ಚಳದ ತಮಾಷೆ ಅಲ್ಲಿಗಿರಲಿ. ಮುಚ್ಚಳದ ಕೆಳಗೇನಿದೆ ಗೊತ್ತೇ? ತೆರೆಯ ಮೇಲೆ ಹಾವು-ಮುಂಗುಸಿಯಂತೆ ಕಾದಾಡಿದ ಆ ಎರಡೂ ಕಾರುಗಳಿಗೆ ಐದೈದು ಬೋಲ್ಟು. ಆ ಬೋಲ್ಟುಗಳು ನಿಂತ ವೃತ್ತದ ಅಳತೆಯೂ ಒಂದೇ, ನಾಲ್ಕೂವರೆ ಇಂಚು. ವೈರಿಗಳೇ ಆದರೂ ಚಕ್ರದ ವಿಷಯದಲ್ಲಿ ಸೋದರರು!

ಈ ಪುರಾಣ ಯಾಕೆ ಅಂತೀರಾ? ಹಳೇ ಕಾರೋ ಜೀಪೋ ಕೈಗೆ ಬಂದ ಹುಡುಗರಿಗೆ ಮೊದಲು ಹುಟ್ಟುವ ಆಸೆಯೇ ಚಕ್ರದ್ದು. ಇಂಜಿನ್ ಕೆಮ್ಮುತ್ತಿದ್ದರೂ ಪರವಾಗಿಲ್ಲ, ಸಿನಿಮಾದಲ್ಲಿ ಕಂಡಂಥ ಐದು ಕಡ್ಡಿಯ ಚಕ್ರ ಬೇಕು! ಹೊರಟರು ಬೆಂಗಳೂರಿನ ಜೆ.ಸಿ. ರಸ್ತೆಗೆ, ಇಲ್ಲವೇ ಊರಿನ ಗುಜರಿಗೆ. ‘ಕೂತ್ಕೊಳ್ಳುತ್ತೆ ತಗೊಳ್ಳಿ ಸಾರ್, ನಾಕು ತೂತು ನಿಮ್ದೂ ನಾಕು ತೂತು’ ಎನ್ನುವ ಮಾತು ಕಿವಿಗೆ ಬೀಳುತ್ತದೆ. ಅಲ್ಲೇ ನಿಲ್ಲಿ ಗುರುವೇ! ಚಕ್ರ ಕೂರುವುದು ಬೇರೆ, ನಿಲ್ಲುವುದು ಬೇರೆ.

ಪಿ.ಸಿ.ಡಿ. ಅಂದರೇನು?

ಚಕ್ರದ ತೂತುಗಳ ನಟ್ಟನಡುವಿನ ಮೂಲಕ ಒಂದು ವೃತ್ತ ಎಳೆಯಿರಿ. ಆ ವೃತ್ತದ ವ್ಯಾಸವೇ ಪಿ.ಸಿ.ಡಿ. ‘5×114.3’ ಎಂದು ಬರೆದಿದ್ದರೆ ಐದು ತೂತು, 114.3 ಮಿಲಿಮೀಟರ್ ವ್ಯಾಸ ಎಂದರ್ಥ. ಮಸ್ಟಾಂಗ್‌ನ ನಾಲ್ಕೂವರೆ ಇಂಚು ಇದೇ.

ನಾಲ್ಕು ತೂತಿನ ಚಕ್ರ ಅಳೆಯುವುದು ಬಲು ಸುಲಭ. ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಮುಗಿಯಿತು. ‘ತೂತಿನ ನಡು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು ಸ್ವಾಮಿ?’ ಎನ್ನುವಿರಾ? ಒಂದು ತೂತಿನ ಎಡ ಅಂಚಿನಿಂದ ಇನ್ನೊಂದು ತೂತಿನ ಎಡ ಅಂಚಿಗೆ ಅಳೆಯಿರಿ. ತೂತುಗಳು ಒಂದೇ ಗಾತ್ರದವಾದ್ದರಿಂದ ಲೆಕ್ಕ ಒಂದೇ. ಆದರೆ ಒಂದು ಎಚ್ಚರ. ನಟ್ಟು ಕೂರುವ ಕಡೆ ತೂತು ಲಾಳಿಕೆಯಂತೆ ಅಗಲವಾಗಿರುತ್ತದೆ. ಅಲ್ಲಿ ಅಳೆಯಬೇಡಿ, ಒಳಗಿನ ಕಿರಿದಾದ ಭಾಗದಲ್ಲಿ ಅಳೆಯಿರಿ. ದರ್ಜಿಯ ಟೇಪು ಬೇಡ, ವರ್ನಿಯರ್ ಹಿಡಿಯಿರಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಐದು ತೂತಿನದೇ ತಕರಾರು. ಯಾವ ತೂತಿಗೂ ನೇರ ಎದುರಿಗೆ ಜೊತೆ ಇಲ್ಲ! ಹಾಗಾಗಿ ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದು 1.701ರಿಂದ ಗುಣಿಸಿ. 67.2 ಮಿ.ಮೀ. ಬಂತೇ? ಅದು 114.3ರ ಚಕ್ರ. 82.1 ಬಂತೇ? ಅದು 139.7, ಅಂದರೆ ಐದೂವರೆ ಇಂಚು. ಮೂರು ತೂತಿನದಾದರೆ ಅಕ್ಕಪಕ್ಕದ ದೂರವನ್ನು 1.155ರಿಂದ ಗುಣಿಸಿ. ಆರು ತೂತಿಗೆ ಮತ್ತೆ ಎದುರುಬದುರು ಅಳತೆಯೇ ಸಾಕು.

ತೆರೆಯ ಮೇಲಿನ ತೂತುಗಳು!

ಮೂರು ತೂತಿನ ಕಾರೂ ಇದೆಯೇ ಅಂದಿರಾ? ಜೇಮ್ಸ್ ಬಾಂಡನನ್ನೇ ಕೇಳಿ! 1981ರ ‘ಫಾರ್ ಯುವರ್ ಐಸ್ ಓನ್ಲಿ’ಯಲ್ಲಿ ರೋಜರ್ ಮೂರ್ ಬೆಟ್ಟದ ದಾರಿಯಲ್ಲಿ ಉರುಳಿಸಿಕೊಂಡು ಬರುವ ಹಳದಿ ಸಿಟ್ರನ್ 2ಸಿವಿ ನೆನಪಿದೆಯೇ? ಚಕ್ರಕ್ಕೆ ಮೂರೇ ಬೋಲ್ಟು, 160 ಮಿ.ಮೀ. ವೃತ್ತ. ಅದೇ 1964ರ ‘ಗೋಲ್ಡ್‌ಫಿಂಗರ್’ನ ಆಸ್ಟನ್ ಮಾರ್ಟಿನ್ ಡಿಬಿ5 ನೋಡಿ, ಬೋಲ್ಟುಗಳ ವೃತ್ತವೇ ಇಲ್ಲ! ತಂತಿ ಕಡ್ಡಿಯ ಚಕ್ರ, ಹಲ್ಲು ಕೊರೆದ ಹಬ್ಬು, ನಡುವೆ ಒಂದೇ ಒಂದು ರೆಕ್ಕೆಯ ನಟ್ಟು. ಅಲ್ಲಿಂದಲೇ ಚಾಕು ಹೊರಬಂದು ಪಕ್ಕದ ಮಸ್ಟಾಂಗ್‌ನ ಟೈರು ಸೀಳುವುದು.

‘ದಿ ಲವ್ ಬಗ್’ನ ಹರ್ಬಿ, 53ನೇ ನಂಬರಿನ ಬೀಟಲ್, 1963ರ ಮಾಡೆಲ್. ಅದಕ್ಕೆ 5×205. ಅಷ್ಟು ದೊಡ್ಡ ವೃತ್ತ! ಆದರೆ 1968ರ ಮಾಡೆಲ್‌ನಿಂದ ಮುಂದೆ ಬೀಟಲ್‌ಗೆ ನಾಲ್ಕು ಬೋಲ್ಟು, 130 ಮಿ.ಮೀ. ಅದೇ ಮುಖ, ಅದೇ ಗುಂಡು ಬೆನ್ನು, ಚಕ್ರ ಮಾತ್ರ ಬೇರೆ. ಆದ್ದರಿಂದ ‘ಯಾವ ಕಾರು?’ ಎಂದಷ್ಟೇ ಕೇಳಿದರೆ ಸಾಲದು, ‘ಯಾವ ವರ್ಷದ್ದು?’ ಎಂದೂ ಕೇಳಬೇಕು. ಮಸ್ಟಾಂಗ್ ಕಥೆಯೂ ಹೀಗೇ. 1966ರವರೆಗಿನ ಎಂಟು ಸಿಲಿಂಡರಿನದಕ್ಕೆ ಐದು ಬೋಲ್ಟು, ಆರು ಸಿಲಿಂಡರಿನದಕ್ಕೆ ನಾಲ್ಕೇ. ವೃತ್ತ ಮಾತ್ರ ಎರಡಕ್ಕೂ ನಾಲ್ಕೂವರೆ ಇಂಚು.

ಇನ್ನೊಂದು ಸೋಜಿಗ ಕೇಳಿ. ನಮ್ಮ ಮಾರುತಿ 800ರ ಲೆಕ್ಕವೂ 4×114.3! ಹಾಗಂತ ಮಾರುತಿಯ ಹನ್ನೆರಡು ಇಂಚಿನ ಪುಟಾಣಿ ಚಕ್ರವನ್ನು ಮಸ್ಟಾಂಗ್‌ಗೆ ತೊಡಿಸಲು ಆಗುತ್ತದೆಯೇ? ಪಿ.ಸಿ.ಡಿ. ಹೊಂದಿದರೆ ಬಾಗಿಲು ತೆರೆಯಿತು ಅಷ್ಟೇ, ಮದುವೆ ಆಯಿತು ಅಂತಲ್ಲ.

ಎರಡು ಮಿಲಿಮೀಟರಿನ ವಿಲನ್

ಈಗ ಬನ್ನಿ ವಿಷಯಕ್ಕೆ. ಫಿಯೆಟ್ 124ರದು 4×98. ಬಿಎಂಡಬ್ಲ್ಯು 2002ರದು 4×100. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಳೇ ಮರ್ಸಿಡಿಸ್ ಡಬ್ಲ್ಯು123ಕ್ಕೆ 5×112, ಮಸ್ಟಾಂಗ್‌ಗೆ 5×114.3. ಅಕ್ಕಪಕ್ಕದ ತೂತು ಅಳೆದರೆ ಒಂದು 65.8, ಇನ್ನೊಂದು 67.2. ಒಂದೂವರೆ ಮಿಲಿಮೀಟರೂ ಅಂತರವಿಲ್ಲ! ವರ್ನಿಯರ್ ಹಿಡಿಯಿರಿ ಎಂದದ್ದು ಇದಕ್ಕೇ.

ವಿಲನ್ ಹೇಗೆ ಕೆಲಸ ಮಾಡುತ್ತಾನೆ ನೋಡಿ. ಪಾನಾ ಹಾಕಿ ಬಲವಾಗಿ ತಿರುಗಿಸಿದರೆ ಬೋಲ್ಟು ಹೇಗೋ ಒಳಗೆ ಹೋಗುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ. ಆದರೆ ನಟ್ಟಿನ ಓರೆ ಮೂತಿ ತನ್ನ ಗೂಡಿನಲ್ಲಿ ಪೂರ್ತಿ ಕೂತಿಲ್ಲ. ಒಂದು ಪಕ್ಕ ಮಾತ್ರ ಕಚ್ಚಿದೆ. ಚಕ್ರ ಡ್ರಮ್ಮಿಗೆ ಸಪಾಟಾಗಿ ಅಂಟಿಲ್ಲ. ಚಕ್ರವನ್ನು ಹಿಡಿದಿಡುವುದೇ ಆ ಅಂಟು, ಬೋಲ್ಟು ಕೊಡುವ ಒತ್ತಡ. ಅದು ಸಡಿಲವಾದರೆ ಸುತ್ತು ಸುತ್ತಿಗೂ ಬೋಲ್ಟು ಬಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ! ಊರೊಳಗೆ ಏನೂ ತಿಳಿಯದೆ ಇರಬಹುದು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತಿಳಿದರೆ?

ಕಳಚಿದ ಚಕ್ರ ನಿಮ್ಮ ಕಾರನ್ನಷ್ಟೇ ಕೆಡವುವುದಿಲ್ಲ. ತನ್ನಷ್ಟಕ್ಕೆ ಉರುಳಿ ಬಸ್ಸಿಗೆ ಕಾಯುವವರ ನಡುವೆ ನುಗ್ಗುತ್ತದೆ. 1985ರಲ್ಲಿ ಶಂಕರ್ ನಾಗ್ ‘ಆ್ಯಕ್ಸಿಡೆಂಟ್’ ತೆಗೆದರು. ಅದರಲ್ಲಿ ಶೋಕಿಗೆ ಕಾರು ಓಡಿಸಿದವನೊಬ್ಬ, ಬಲಿಯಾದವರು ಫುಟ್‌ಪಾತಿನ ಮೇಲೆ ಮಲಗಿದ್ದ ಬಡಪಾಯಿಗಳು. ನಮ್ಮ ಶೋಕಿಯ ಬೆಲೆಯನ್ನು ಯಾರೋ ತೆರುವುದು ಬೇಡ ಗೆಳೆಯರೇ. ತೂತು ಉಜ್ಜಿ ಅಗಲ ಮಾಡುತ್ತೇನೆ ಎಂದರೆ ಕೈಮುಗಿದು ಎದ್ದು ಬನ್ನಿ.

ಜೀಪಿನ ಜೋಡಿ, ಎಡಗಡೆಯ ಗುಟ್ಟು

ಒಳ್ಳೆ ಸುದ್ದಿಯೂ ಇದೆ. ವಿಲ್ಲೀಸ್ ವಂಶದ ನಮ್ಮ ಹಳೇ ಮಹೀಂದ್ರ ಜೀಪಿಗೆ 5×139.7. ಮಾರುತಿ ಜಿಪ್ಸಿಗೂ ಅದೇ! ಅದಕ್ಕೇ ಜೀಪಿನ ಹುಡುಗರು ಜಿಪ್ಸಿ ಚಕ್ರದ ಬೇಟೆಗೆ ಹೊರಡುವುದು. ಆದರೆ ಇಲ್ಲೂ ಇನ್ನೆರಡು ಪರೀಕ್ಷೆ ಪಾಸಾಗಬೇಕು. ಒಂದು, ಚಕ್ರದ ನಡುವಿನ ದೊಡ್ಡ ತೂತಿನಲ್ಲಿ ಹಬ್ಬು ಸಲೀಸಾಗಿ ತೂರಬೇಕು. ಎರಡು, ಆಫ್‌ಸೆಟ್. ಬೋಲ್ಟು ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಒಳಗಿದೆಯೋ ಹೊರಗಿದೆಯೋ ಎಂಬ ಲೆಕ್ಕ ಅದು. ತಪ್ಪಿದರೆ ಸ್ಟೇರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೋ ಒಳಗಿನ ಕಡ್ಡಿಗೋ ಉಜ್ಜುತ್ತದೆ. ಕೊಳ್ಳುವ ಮುಂಚೆ ಒಂದು ಚಕ್ರ ತೊಡಿಸಿ, ಜಾಕಿನ ಮೇಲೇ ಕೈಯಿಂದ ತಿರುಗಿಸಿ, ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ಹೊರಳಿಸಿ ನೋಡಿ.

ನಟ್ಟಿನ ಮೂತಿಯನ್ನೂ ಮರೆಯಬೇಡಿ. ಕೆಲವಕ್ಕೆ ಓರೆ ಮೂತಿ, ಮರ್ಸಿಡಿಸ್‌ನಂಥವಕ್ಕೆ ಗುಂಡು ಮೂತಿ, ಇನ್ನು ಕೆಲವಕ್ಕೆ ಚಪ್ಪಟೆ. ಚಕ್ರದ ಗೂಡು ಹೇಗೋ ನಟ್ಟೂ ಹಾಗೇ ಇರಬೇಕು.

ಕೊನೆಗೆ ಮತ್ತೊಮ್ಮೆ ಆ ಕರೀ ಚಾರ್ಜರ್ ಹತ್ತಿರ ಬನ್ನಿ. ಆಗಿನ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಮರೆ! ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲೂ ಅಷ್ಟೇ. ಬಿಚ್ಚಲು ಬಲಕ್ಕೆ, ಬಿಗಿಯಲು ಎಡಕ್ಕೆ. ತಿಳಿಯದವನು ಪಾನಾಕ್ಕೆ ಪೈಪು ಸಿಕ್ಕಿಸಿ, ಮೇಲೆ ಹತ್ತಿ ಕುಣಿದು ಸ್ಟಡ್ಡನ್ನೇ ಮುರಿಯುತ್ತಾನೆ. ಆಮೇಲೆ ‘ತುಕ್ಕು ಹಿಡಿದಿತ್ತು’ ಎನ್ನುತ್ತಾನೆ!

ಚಕ್ರ ಸಿಕ್ಕಿತೇ? ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ. ಸಲೀಸಾಗಿ ಹೋಗದಿದ್ದರೆ ಅದು ನಿಮ್ಮ ಚಕ್ರವಲ್ಲ, ಬಿಟ್ಟುಬಿಡಿ. ಹೋದರೆ ಸಾಲಾಗಿ ಬಿಗಿಯದೆ ನಕ್ಷತ್ರ ಬರೆದಂತೆ ಒಂದು ಬಿಟ್ಟು ಒಂದು ಬಿಗಿಯಿರಿ. ಎಂಬತ್ತು-ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಸಿನಿಮಾದಲ್ಲಿ ಎಷ್ಟು ಮುಚ್ಚಳ ಹಾರಿದರೂ ಚಿಂತೆಯಿಲ್ಲ, ಇನ್ನೊಂದು ಟೇಕ್‌ಗೆ ಇನ್ನೊಂದು ಮುಚ್ಚಳ ಹಾಕುತ್ತಾರೆ. ನಮಗೆ ನಿಮಗೆ ಒಂದೇ ಟೇಕ್!